ಏಲಂ ಕೂಗುವವನ ತಲೆ ನಾರ್ಮಲ್ ಎಂದವರಿಗೆ

ಅಂಗವೈಕಲ್ಯ ದೃಢೀಕರಿಸುವ ವೈದ್ಯಕೀಯ ಮಂಡಳಿಯ ಮಾನ್ಯ ಅಧ್ಯಕ್ಷರೇ,

ಕೈ ಎತ್ತಿ ಎಂದಿರಿ, ಎತ್ತಿದೆ. ನಡೆಯಿರಿ ಎಂದಿರಿ, ನಡೆದೆ. ಹೆಸರು ಕೇಳಿದಿರಿ, ಕಮಲಾಕ್ಷ ಮೊಗವೀರ ಎಂದೆ. ಅಷ್ಟಕ್ಕೇ "ನಾರ್ಮಲ್ ಇದ್ದೀರಲ್ರೀ, ಇನ್ನೇನು ಬೇಕು?" ಎಂದು ಮುಂದಿನವರನ್ನು ಕರೆದಿರಿ. ಮಿದುಳಿನಲ್ಲಿ ರಕ್ತಸ್ರಾವವಾಗಿ ಬದುಕಿ ಬಂದವನ ತಲೆಯೊಳಗೆ ಏನು ಉಳಿದಿದೆ, ಏನು ಹೋಗಿದೆ ಎಂಬುದನ್ನು ಒಂದು ಲೋಟ ಚಹಾ ಆರುವುದರೊಳಗೆ ಕಂಡುಹಿಡಿದ ನಿಮ್ಮ ದಿವ್ಯದೃಷ್ಟಿಗೆ ಅಡ್ಡಬಿದ್ದೆ! ಬಂಗುಡೆ ತಾಜಾ ಹೌದೋ ಅಲ್ಲವೋ ಎಂದು ಹೇಳುವ ಮೊದಲು ನಾವಾದರೂ ಕಿವಿರು ಎತ್ತಿ ನೋಡುತ್ತೇವೆ.

ನಾನು ಬಂದರಿನಲ್ಲಿ ಮೀನಿನ ಏಲಂ ಕೂಗುವವನು. ಎರಡು ವರ್ಷದ ಹಿಂದೆ ಕೂಗುತ್ತಿದ್ದಾಗಲೇ ತಲೆಯೊಳಗೆ ಯಾರೋ ತೆಂಗಿನಕಾಯಿ ಒಡೆದ ಹಾಗಾಯಿತು. ಕಣ್ಣು ಬಿಟ್ಟಾಗ ದೊಡ್ಡಾಸ್ಪತ್ರೆಯಲ್ಲಿದ್ದೆ. ಅಲ್ಲಿನ ವೈದ್ಯರು ಜೀವ ಉಳಿಸಿದರು, ಅವರ ಹೊಟ್ಟೆ ತಣ್ಣಗಿರಲಿ. ಆದರೆ ಉಳಿದ ಜೀವವನ್ನು ಇಟ್ಟುಕೊಂಡು ಏನು ಮಾಡಬೇಕೆಂದು ಹೇಳುವವರು ಇಲ್ಲಿ ಯಾರಿದ್ದಾರೆ? ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಕೋಟೇಶ್ವರದ ಹೆದ್ದಾರಿಯಲ್ಲಿ ಬಸ್ಸು ಹಾರ್ನ್ ಹೊಡೆದರೆ ಎಲ್ಲಿಗೆ ಹೊರಟಿದ್ದೆ ಎಂಬುದೇ ಮರೆತುಹೋಗುತ್ತದೆ. ಗೊತ್ತಿರುವ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂರುತ್ತದೆ. ಎಲ್ಲಕ್ಕಿಂತ ದೊಡ್ಡದು ಹೆದರಿಕೆ. ನಿಮಗೆ ತಲೆನೋವು ಬಂದರೆ ಮಾತ್ರೆ ನುಂಗುತ್ತೀರಿ; ನನಗೆ ಬಂದರೆ ಮನೆಯವರ ಮುಖವನ್ನೆಲ್ಲ ಒಂದು ಸಲ ನೋಡಿಕೊಳ್ಳುತ್ತೇನೆ. ಸೀನು ಬಂದರೂ ಗೋಡೆ ಹಿಡಿಯುತ್ತೇನೆ.

ಬಚ್ಚಲುಮನೆಯ ಬಾಗಿಲಿಗೆ ನಾನೀಗ ಚಿಲಕ ಹಾಕುವ ಹಾಗಿಲ್ಲ. ಸ್ವಲ್ಪ ತಡವಾದರೆ ಸಾಕು, ಹೆಂಡತಿ ಪದ್ಮಾಕ್ಷಿ ಹೊರಗಿನಿಂದ "ಹ್ವಾಯ್, ಇದ್ರ್ಯಾ?" ಎಂದು ಕೂಗುತ್ತಾಳೆ. "ಇದ್ದೆ ಮಾರಾಯ್ತಿ" ಎನ್ನಬೇಕು; ನಮ್ಮ ಕಡೆ ಇದ್ದೆ ಎಂದರೆ ಇದ್ದೇನೆ ಎಂದು. ಸ್ನಾನ ಮಾಡುವಾಗ ಬದುಕಿದ್ದೇನೆಂದು ಸಾಕ್ಷಿ ಹೇಳಬೇಕಾದ ಗಂಡಸನ್ನು ನಿಮ್ಮ ಯಾವ ಕಾಯಿದೆ ನಾರ್ಮಲ್ ಎನ್ನುತ್ತದೆ? ಇದನ್ನು ಅವಳೇ ಹೇಳಲು ಹೊರಟಾಗ "ಪೇಷೆಂಟ್ ಮಾತ್ರ ಮಾತಾಡಲಿ" ಎಂದು ಹೊರಗೆ ಕಳಿಸಿದಿರಿ. ಪೇಷೆಂಟಿಗೆ ಮಾತು ಸಿಗುವುದಿಲ್ಲ ಎಂಬುದೇ ಕಾಯಿಲೆ, ಸ್ವಾಮೀ!

ನನ್ನ ಕೆಲಸವೇನೆಂದು ಕೇಳುವ ಗೋಜಿಗೆ ನೀವು ಹೋಗಲಿಲ್ಲ, ಈಗ ಕೇಳಿಸಿಕೊಳ್ಳಿ. ನಮ್ಮ ಏಲಂನಲ್ಲಿ ಕೂಗುವವನು ನಾನೊಬ್ಬನೇ. ಕೊಳ್ಳುವವರು ಬಾಯಿ ಬಿಡುವುದಿಲ್ಲ, ತಲೆ ಆಡಿಸುತ್ತಾರೆ. ಒಮ್ಮೆ ಆಡಿಸಿದರೆ ಮುಗಿಯಿತು, ಮಾಲು ಎತ್ತಲೇಬೇಕು. ಸುಮ್ಮನೆ ಆಡಿಸಿದೆ ಎಂದವನ ಮಾತಿಗೆ ಮರುದಿನದಿಂದ ಬಂದರಿನಲ್ಲಿ ಬೆಲೆಯಿಲ್ಲ. ಆ ಗದ್ದಲದಲ್ಲಿ ಯಾರ ತಲೆ ಯಾಕೆ ಆಡಿತೆಂದು ಒಂದೇ ನೋಟಕ್ಕೆ ತಿಳಿಯುವುದು ನನ್ನ ವಿದ್ಯೆಯಾಗಿತ್ತು. ಆಗಿತ್ತು ಎಂದೆ, ಗಮನಿಸಿ.

ಆಸ್ಪತ್ರೆಯಿಂದ ಬಂದ ಮೇಲೆ ಮತ್ತೆ ಕೂಗಲು ನಿಂತೆ. ಮೀನು ಮಾರುವ ಜಲಜಕ್ಕ ದೂರದಿಂದ ನನ್ನನ್ನು ನೋಡಿ ತಲೆ ಆಡಿಸಿದರು. ದೋಣಿಯ ಅಷ್ಟೂ ಬಂಗುಡೆಯನ್ನು ಅವರ ಹೆಸರಿಗೆ ಕೂಗಿಬಿಟ್ಟೆ! ಅವರು ಓಡಿ ಬಂದು, "ಹ್ವಾಯ್ ಕಮಲಾಕ್ಷಣ್ಣ, ನಾ ಹುಶಾರಿದ್ರ್ಯಾ ಅಂದ್ ಕೇಂಡದ್ದ್ ಮಾರ್ರೆ, ಬಂಗುಡೆ ಕೇಂಡದ್ದಲ್ಲ!" ಎಂದರು. ಸುತ್ತಲಿನವರು ನಕ್ಕರು. ನಗದೆ ನನ್ನ ಮುಖ ನೋಡಿದವರು ಜಲಜಕ್ಕ ಒಬ್ಬರೇ. "ಆಯ್ಲಿ, ಕೂಗಿ ಆಯ್ತಲೆ" ಎಂದು ಬೇರೆ ಹೆಂಗಸರನ್ನು ಕರೆದು, ಹಂಚಿಕೊಂಡು, ಎಲ್ಲವನ್ನೂ ಹೊತ್ತು ನಡೆದರು. ಒಂದು ಪರೀಕ್ಷೆಯನ್ನೂ ಮಾಡದೆ ಆಕೆ ನನ್ನ ಕಾಯಿಲೆ ಹಿಡಿದರು. ನಾಚಿಕೆಯಿಂದ ನಾನು ಆ ದಿನ ಊಟ ಮಾಡಲಿಲ್ಲ.

ಏಲಂ ನಡೆಸುವ ಮೀನುಗಾರರ ಸೊಸೈಟಿಯ ಸೆಕ್ರೆಟರಿ ಚೆನ್ನಯ್ಯಣ್ಣ ಕೆಟ್ಟವರಲ್ಲ. "ಇನ್ ಕೂಗುದ್ ಬ್ಯಾಡ ಮಾರಾಯ. ಬಲೆ ಗೋದಾಮಿನ್ ಕೀ ನೀನೇ ಇಟ್ಕೋ, ಅಲ್ಲ್ ಗಲಾಟೆ ಇಲ್ಲೆ. ಸರ್ಕಾರ್ದ್ ಸರ್ಟಿಫಿಕೇಟ್ ಒಂದ್ ತಕಂಡ್ ಬಾ" ಎಂದರು. ಅದಕ್ಕೇ ನಿಮ್ಮಲ್ಲಿಗೆ ಬಂದದ್ದು. ನಾನು ಬೇಡಿದ್ದು ಸಿಂಹಾಸನವನ್ನಲ್ಲ, ಗೋದಾಮಿನ ಮೂಲೆಯ ಒಂದು ಕುರ್ಚಿಯನ್ನು. ಈಗ ಸೊಸೈಟಿಗೆ ನಾನು ರೋಗಿ, ನಿಮಗೆ ನಿರೋಗಿ. ಅತ್ತ ದರಿ, ಇತ್ತ ಪುಲಿ. ನಡುವೆ ಈ ನಾರ್ಮಲ್ ಪ್ರಾಣಿ. ಕೈಕಾಲು ಮುರಿದಿದ್ದರೆ ನಿಮಗೆ ಕಾಣುತ್ತಿತ್ತೇನೋ. ಮುರಿದ ಜಾಗ ಒಳಗಿರುವುದು ನನ್ನ ತಪ್ಪೇ?

ಒಂದು ಮಾತು ಮಾತ್ರ ನಾನು ಮರೆತಿಲ್ಲ, ನೀವು ನಾರ್ಮಲ್ ಎಂದ ಇದೇ ತಲೆಯಲ್ಲಿ ಅದು ಗಟ್ಟಿಯಾಗಿ ಕೂತಿದೆ. ಶಬ್ದ ತಡೆಯಲಾಗುವುದಿಲ್ಲ ಎಂದಾಗ ನೀವು ಮೊಬೈಲು ನೋಡುತ್ತಲೇ ತಲೆ ಆಡಿಸಿದಿರಿ. ಮಾತು ಸಿಗುವುದಿಲ್ಲ ಎಂದಾಗಲೂ ಆಡಿಸಿದಿರಿ. ಹೆದರಿಕೆಯಾಗುತ್ತದೆ ಸಾರ್ ಎಂದಾಗ ಇನ್ನೂ ಜೋರಾಗಿ ಆಡಿಸಿದಿರಿ. ಇವರಿಗೆ ಅರ್ಥವಾಯಿತು ಎಂದುಕೊಂಡು, ನೀವು ಕೈ ಎತ್ತಿಸುವ ಮೊದಲೇ ಬಾಗಿಲಾಚೆ ಕೂತಿದ್ದ ಪದ್ಮಾಕ್ಷಿಗೆ "ಆಯ್ತ್, ಸಿಕ್ತ್ ಕಾಣ್" ಎಂದುಬಿಟ್ಟಿದ್ದೆ. ಪಾಪ, ಅವಳು ಅಲ್ಲೇ ಕಣ್ಣೊರೆಸಿಕೊಂಡಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ನನ್ನನ್ನು ಮತ್ತೊಮ್ಮೆ ಪರೀಕ್ಷಿಸಿ, ನಿಮ್ಮ ಕೋಣೆಯಲ್ಲಲ್ಲ, ಏಲಂ ನಡೆಯುವ ಹೊತ್ತಿಗೆ ಬಂದರಿನಲ್ಲಿ. ಪದ್ಮಾಕ್ಷಿಯ ಮಾತನ್ನೂ ಕೇಳಿ. ಬರಲು ಪುರಸೊತ್ತಿಲ್ಲ ಎನ್ನಬೇಡಿ. ನಮ್ಮಲ್ಲಿ ತಲೆ ಆಡಿಸಿದ ಮೇಲೆ ಹಿಂದೆ ಸರಿಯುವಂತಿಲ್ಲ. ನೀವು ನನ್ನೆದುರು ಮೂರು ಸಲ ಆಡಿಸಿದ್ದೀರಿ, ಅಧ್ಯಕ್ಷರೇ. ಬಂದು ಮಾಲು ಎತ್ತಿ.

ಇಂತಿ,
ತಮ್ಮ ದಯೆಯಿಂದ ಸಂಪೂರ್ಣ ನಾರ್ಮಲ್ ಆಗಿರುವ,
ಬಚ್ಚಲಿನ ಚಿಲಕ ಹಾಕಲು ಧೈರ್ಯವಿಲ್ಲದ,
ಕಮಲಾಕ್ಷ ಮೊಗವೀರ
(ಇದ್ದೆ, ಸದ್ಯಕ್ಕೆ)