ಅವಳ ಡಬ್ಬಿಯ ನುಸಿ

ಫೆಬ್ರವರಿ 11, ಬುಧವಾರ.

ಹೊಟ್ಟೆ ಉರಿಯುತ್ತಿದೆ. ಹಿಮದ ಬೆಟ್ಟದ ಪಾಚಿಯಲ್ಲಿ ಸಿಕ್ಕ ನುಸಿಗಳನ್ನು ನಾನೂ, ಸೂಕ್ಷ್ಮದರ್ಶಕ ನೋಡಲು ನಾನೇ ಕಲಿಸಿದ ಹುಡುಗಿಯೂ ಚಳಿ ತಡೆದು ಬದುಕುತ್ತವೆಯೇ ಎಂದು ನೋಡಲು ಒಬ್ಬೊಬ್ಬರು ಒಂದೊಂದು ಡಬ್ಬಿಯಲ್ಲಿ ಫ್ರೀಜರಿನಲ್ಲಿಟ್ಟಿದ್ದೆವು. ಇಂದು ಹೊರತೆಗೆದರೆ ಎರಡೂ ಡಬ್ಬಿಗಳಲ್ಲಿ ಒಂದೂ ಅಲುಗಾಡಲಿಲ್ಲ.

"ಹೋಗ್ಲಿ ಬಿಡಿ ಅಕ್ಕಾ, ನಾಳೆ ಎಸೆಯೋಣ" ಎಂದು ಅವಳು ಮನೆಗೆ ಹೋದಳು. ಸುಳ್ಳೇಕೆ, ಅವಳದ್ದೂ ಬದುಕಲಿಲ್ಲವೆಂದು ಒಳಗೊಳಗೇ ಖುಷಿಯಾಯಿತು.

ಪ್ರಯೋಗಾಲಯಕ್ಕೆ ಬೀಗ ಹಾಕುವ ಮುನ್ನ ಅವಳ ಡಬ್ಬಿಯನ್ನು ಸೂಕ್ಷ್ಮದರ್ಶಕದಡಿ ಸುಮ್ಮನೆ ನೋಡಿದೆ. ಒಂದು ನುಸಿ ಹಿಂಗಾಲು ಎಳೆಯುತ್ತಿತ್ತು. ಅವಳದ್ದೇ ಬದುಕಬೇಕಿತ್ತೇ! ಅಡಿಯ ಕಾಗದ ಒಣಗಿತ್ತು. ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ಸಾಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಮುಚ್ಚಳ ಮುಚ್ಚಿ ಬಾಗಿಲವರೆಗೆ ಹೋದೆ.

ವಾಪಸು ಬಂದು ಎರಡು ಹನಿ ನೀರು ಬಿಟ್ಟೆ. ಅವಳಿಗೆ ಫೋನ್ ಮಾತ್ರ ಮಾಡಿಲ್ಲ. ಬೆಳಗ್ಗೆ ತಾನೇ ನೋಡಿ ಕುಣಿಯಲಿ.

ಎರಡು ಹನಿ ಸಾಕಾಗುತ್ತದೆಯೋ ಇಲ್ಲವೋ...