ಉಪ್ಪಿಲ್ಲದ ತಾಟು

ಅಪ್ಪಾ,

ಬನಹಟ್ಟಿ ಮನಿಯ ಪಡಸಾಲ್ಯಾಗ ಕುಂತು ನಿನ್ನ ಮಗಾ ಬರದದ್ದು. ನೀ ಇದ್ದಾಗ ನಿನಗ ಎರಡು ಸಾಲಿನ ಕಾಗದಾ ಸೈತ ಬರದಾಂವ ಅಲ್ಲ ನಾ. ನಾ ನೌಕರಿ ಮಾಡೂ ಜಮಖಂಡಿ ಏನು ದೂರ ಐತಿ, ಆಯಿತವಾರಕ್ಕೊಮ್ಮೆ ಬಂದ ಬರ್ತೇನಲ್ಲ, ಬರಿಯೂದೇನೈತಿ ಅಂತಿದ್ದೆ. ಈಗ ನೀ ಹೋಗಿ ವರ್ಷ ಆತು. ಜಮಖಂಡಿ ಸಂಸ್ಥಾನನೂ ಹೋತು, ಕಚೇರಿ ಮಂದಿನ್ನೆಲ್ಲಾ ವಿಜಾಪುರಕ್ಕ ಕಳಸ್ತಾರಂತ ಸುದ್ದಿ ಐತಿ. ಹೋಗೂದ್ರಾಗ ಇದೊಂದು ಬರದು ಮುಗಸಬೇಕಂತ ಕುಂತೇನಿ. ನಿನ್ನ ಮುಂದ ಹೇಳಬೇಕಾಗಿದ್ದು ಒಂದ ಒಂದು ಮಾತಾಗಿತ್ತು. ಅದನ್ನ ಬಾಯಿಲೆ ಹೇಳಲಿಲ್ಲ, ಈಗ ಇಷ್ಟು ಕಾಗದಾ ಬೇಕಾಗೇತಿ.

ನನಗ ಮೊದಲ ನೆನಪಾಗೂದು ನಮ್ಮ ಸಂಜಿ ಊಟ. ನೀ ನೂಲಿನ ಅಂಗಡಿ ಬಾಗಲಾ ಎಳಿಯೂ ಸಪ್ಪಳಾ ಕೇಳಿದ್ರ ಓಣಿಯ ನೇಕಾರರು ಮಗ್ಗದಿಂದ ತಲಿ ಎತ್ತಿ, ಹೊತ್ತು ಇಳೀತು ಅಂತ ತಿಳಕೋತಿದ್ರು. ಗಿರಾಕಿ ನಿಂತಿದ್ರೂ ನಾಳೆ ಬರ್ರಿ ಅಂತ ನಗಕೋತ ಹೇಳಿ ಮನಿಗೆ ಬರ್ತಿದ್ದಿ. ನಮ್ಮದು ಜೈನರ ಮನಿ. ಹೊತ್ತು ಮುಳುಗಿದ ಮ್ಯಾಲ ಬಾಯಾಗ ತುತ್ತು ಹಾಕೂಹಂಗಿಲ್ಲ. ಅವ್ವ ಒಲಿ ಮುಂದ ರೊಟ್ಟಿ ಬಡೀತಿದ್ಲು. ಬಿಸಿ ರೊಟ್ಟಿ, ಮೆಂತೆ ಪಲ್ಯೆ, ಹೆಸರಬ್ಯಾಳಿ, ಮ್ಯಾಲ ಮಜ್ಜಿಗಿ. ನಾ ಬಂದು ಕುಂದ್ರೂತನ ನೀ ತಾಟಿಗೆ ಕೈ ಹಚ್ಚತಿದ್ದಿಲ್ಲ. ನಾ ಆಟಾ ಬಿಟ್ಟು ಬರಾಕ ತಡಾ ಮಾಡಿದ್ರೂ ಬೈತಿದ್ದಿಲ್ಲ. ಕಿಡಕಿಯಿಂದ ಆಕಾಶದ ಕಡೆ ನೋಡ್ತಿದ್ದಿ, ಅಷ್ಟ. ಆ ನೋಟಕ್ಕ ನಾ ಓಡಿ ಬರ್ತಿದ್ದೆ.

ಗಲಗಲಿಗೆ ಮದವಿಗಂತ ಬಂಡಿ ಹೂಡಿಕೊಂಡು ಹೋಗಿದ್ದು ನಿನಗ ನೆನಪೈತೇನು? ಹೊಳಿ ದಂಡಿಗೆ ಬರೂದ್ರಾಗ ಹೊತ್ತು ಇಳದಿತ್ತು. ಮದವಿ ಮನಿ ಇನ್ನೂ ಮುಂದಿತ್ತು. ನೀ ಬೇವಿನ ಗಿಡದ ಕೆಳಗ ಎತ್ತು ಬಿಚ್ಚಿ, ಕಂಬಳಿ ಹಾಸಿ, ಬುತ್ತಿ ಬಿಚ್ಚಿಸಿದಿ. ಅಲ್ಲಿ ಎಲ್ಲಾರೂ ಹೋಳಿಗಿ ಉಣ್ಣಾಕತ್ತಿರ್ತಾರ, ನಮಗಷ್ಟ ಒಣಾ ರೊಟ್ಟಿ ಯಾಕ ಅಂತ ನಾ ಅತ್ತೆ. ನೀ ನಿನ್ನ ಪಾಲಿನ ಬೆಲ್ಲಾ ನನ್ನ ರೊಟ್ಟಿ ಮ್ಯಾಲ ಪುಡಿ ಮಾಡಿ ಹಾಕಿ, ಹೊಳಿ ನೋಡ್ಕೋತ ಉಣ್ಣು ಅಂದಿ. ಆಮ್ಯಾಲ ಎಷ್ಟೋ ಕಡೆ ಉಂಡೇನಿ. ದೊಡ್ಡ ದೊಡ್ಡ ಪಂಕ್ತ್ಯಾಗ ಕುಂತೇನಿ. ಹೊಟ್ಟಿ ತುಂಬೇತಿ, ಆದ್ರ ಹಂಗ…

ಮುಲ್ಕಿ ಪರೀಕ್ಷಾ ಪಾಸಾಗಿ ನಾ ಜಮಖಂಡಿ ಕಚೇರ್ಯಾಗ ಕಾರಕೂನ ಆದಾಗ ನೀ ಹೇಳಿದ್ದು ಒಂದ ಮಾತು, ಎಲ್ಲಿದ್ರೂ ಹೊತ್ತಿನ್ಯಾಗ ಉಣ್ಣು ಅಂತ. ಮೊದಲ ಆರು ತಿಂಗಳು ಉಂಡೆ ಅಪ್ಪಾ, ಆಣಿ ಮಾಡಿ ಹೇಳ್ತೇನಿ. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ, ಚಟ್ನಿ ಹಿಂಡಿ, ಖೋಲ್ಯಾಗ ಒಬ್ಬನ ಕುಂತು ಅವಸರದಾಗ ತಿಂತಿದ್ದೆ. ಕಚೇರಿ ಬಿಡೂದ್ರಾಗ ಹೊತ್ತು ಮುಳುಗಿದ ದಿನಾ ಉಪವಾಸ ಮಲಗ್ತಿದ್ದೆ. ಜೋಡಿ ಇದ್ದ ಗೆಳ್ಯಾರು ದಿನಾ ಖಾನಾವಳಿಗೆ ಹೋಗಾವ್ರು. ಒಂದಿನಾ ಹಸಿವು ತಡೀದ ಅವರ ಹಿಂದ ಹೋದೆ. ಖಾನಾವಳಿ ನಡಸೂ ಮಾವಶಿ ಕಂದೀಲ ಬೆಳಕಿನ್ಯಾಗ ಬಿಸಿ ಅನ್ನಾ, ಸಾರು, ಉಳ್ಳಾಗಡ್ಡಿ ಭಜಿ ತಂದಿಟ್ಲು. ಅವತ್ತ ತುತ್ತು ಗಂಟಲದಾಗ ನಿಂತ್ತು. ಮರುದಿನಾ ನಿಲ್ಲಲಿಲ್ಲ. ತಿಂಗಳಾಗೂದ್ರಾಗ, ಏಳ್ರೋ ಊಟಕ್ಕ ಅಂತ ಮೊದಲ ಏಳಾಂವ ನಾನ ಆಗಿದ್ದೆ. ಅಲ್ಲಿ ನಗು ಇತ್ತು, ಮಾತಿತ್ತು. ಹೊತ್ತು ನೋಡಾವ್ರು ಯಾರೂ ಇದ್ದಿಲ್ಲ.

ಒಂದು ಸಂಜಿ ಕತ್ತಲಾದ ಮ್ಯಾಲ ಉಂಡು ಕೈ ತೊಳಕೊಂಡು ಬರೂದ್ರಾಗ ಮಾವಶಿ ಒಂದು ಗಂಟು ಕೈಯಾಗ ಕೊಟ್ಲು. ಯಾರೋ ಹಿರೇರು ಬಂದಿದ್ರು, ನಿನಗ ಕೊಡು ಅಂದು ಹ್ವಾದ್ರು ಅಂದ್ಲು. ಬಿಚ್ಚಿ ನೋಡಿದ್ರ ಅವ್ವನ ಹಳೇ ಸೀರಿ ತುಂಡಿನ್ಯಾಗ ಕಟ್ಟಿದ ಶೇಂಗಾದ ಹೋಳಿಗಿ. ಬಂದಾಂವ ನೀನ ಅಂತ ನನಗ ತಿಳೀತು. ಬಾಗಲಕ್ಕ ಓಡಿ ಬಂದು ಓಣಿ ಉದ್ದಕ್ಕ ನೋಡ್ದೆ, ಯಾರೂ ಇದ್ದಿಲ್ಲ. ಒಳಗ ಬಂದಿರಾಕಿಲ್ಲ, ನನ್ನ ನೋಡಿರಾಕಿಲ್ಲ ಅಂತ ನನಗ ನಾನ ಹೇಳಿಕೊಂಡೆ. ಮಾವಶಿನ್ನ ಒಂದು ಮಾತು ಕೇಳಿದ್ರ ಗೊತ್ತಾಗ್ತಿತ್ತು. ಕೇಳಲಿಲ್ಲ. ಆಯಿತವಾರ ಊರಿಗೆ ಬಂದಾಗ ನೀ ಏನೂ ಅನ್ನಲಿಲ್ಲ. ಹೋಳಿಗಿ ಮೆತ್ತಗಿದ್ದೂವೇನೋ ಅಂತ ಅವ್ವ ಕೇಳಿದ್ಲು. ಇದ್ದೂವು ಅಂದೆ.

ಮುಂದ ತೇರದಾಳದಿಂದ ಸುಶೀಲಾನ ಅಪ್ಪ, ನನಗ ಮಾವ ಆಗಾವ್ರು, ಹುಡುಗನ್ನ ನೋಡಾಕ ನಮ್ಮನಿಗೆ ಬಂದ್ರು. ವ್ರತಾ ನೇಮಾದಾಗ ಭಾಳ ಬಿಗಿ ಮನಶ್ಯಾ ಅಂತ ಎಲ್ಲಾರಿಗೂ ಗೊತ್ತಿತ್ತು. ಸಂಜಿ ಊಟಕ್ಕ ಸಾಲಾಗಿ ಕುಂತಿದ್ವಿ. ಹುಡುಗ ಪರಊರಾಗ ಒಬ್ಬನ ಇರ್ತಾನ, ಊಟದ ಹೊತ್ತು ಪಾಳಸ್ತಾನೇನು ಅಂತ ಅವರು ನಿನ್ನ ಕೇಳಿದ್ರು. ನಾ ರೊಟ್ಟಿ ಮುರಿಯೂದು ಬಿಟ್ಟೆ. ನೀ ಹೇಳ್ದಿ: “ನನ್ನ ಮಗಾ ಹೊತ್ತು ಮುಳುಗಿದ ಮ್ಯಾಲ ನೀರು ಸೈತ ಮುಟ್ಟೂದಿಲ್ಲರಿ.”

ಆ ಮಾತಿಗೆ ನನಗ ಎಷ್ಟು ಹಗರ ಆತಂತೀ! ನೀ ಸುಳ್ಳು ಹೇಳಾಂವ ಅಲ್ಲ. ಅಂದ ಮ್ಯಾಲ ಅವತ್ತ ನೀ ನನ್ನ ನೋಡೇ ಇಲ್ಲ. ಲೆಕ್ಕಾ ಅಲ್ಲಿಗೆ ಮುಗೀತು ಅಂದಕೊಂಡೆ. ಮದವಿ ಆತು. ಸುಶೀಲಾ ನಿಮ್ಮ ಜೋಡಿ ಬನಹಟ್ಟ್ಯಾಗ ಉಳದ್ಲು. ನಾ ಜಮಖಂಡ್ಯಾಗ ಖಾನಾವಳಿ ಊಟಾ ಮುಂದುವರಿಸಿದೆ.

ನೀ ಉಪ್ಪು ಬಿಟ್ಟಿದ್ದು ಮದವಿ ಮಾತುಕತಿ ನಡದ ಹೊತ್ತಿನ್ಯಾಗ. ಅವ್ವ ಕೇಳಿದ್ರ ಮೈಗೆ ಒಗ್ಗೂದಿಲ್ಲ ಅಂದಿ. ವೈದ್ಯರು ಹೇಳ್ಯಾರೇನು ಅಂದ್ರ ಹೂಂ ಅನಲಿಲ್ಲ, ಊಹೂಂ ಅನಲಿಲ್ಲ. ಅವತ್ತಿಂದ ಅವ್ವ, ಮದವಿ ಆದ ಮ್ಯಾಲ ಸುಶೀಲಾ, ನಿನ್ನ ಬ್ಯಾಳಿ, ನಿನ್ನ ಪಲ್ಯೆ ಬ್ಯಾರೆ ತಗದಿಟ್ಟು ಆಮ್ಯಾಲ ನಮ್ಮದಕ್ಕ ಉಪ್ಪು ಹಾಕ್ತಿದ್ಲು. ನಾ ಊರಿಗೆ ಬಂದಾಗೊಮ್ಮೆ ಚೇಷ್ಟಿ ಮಾಡ್ತಿದ್ದೆ, ನಮ್ಮಪ್ಪ ಸನ್ಯಾಸಿ ಆಗಾಕ ಹೊಂಟಾನ ನೋಡ್ರಿ ಅಂತ. ನೀನೂ ನಗ್ತಿದ್ದಿ. ಆ ನಗು ಹ್ಯಾಂಗ ನಕ್ಕಿ ಅಪ್ಪಾ?

ಒಂದು ಆಯಿತವಾರ ತಾಟು ಅದಲುಬದಲಾದೂವು. ಕಚೇರ್ಯಾಗ ಸಾಹೇಬ್ರ ಕಡೆ ಬೈಸಿಕೊಂಡು ಬಂದಿದ್ದೆ, ತಲಿ ಕೆಟ್ಟಿತ್ತು. ಮೊದಲ ತುತ್ತಿಗೆ ಸಪ್ಪನ ಬ್ಯಾಳಿ ಬಾಯಿಗೆ ಬಂತು. ತಾಟು ದೂರ ತಳ್ಳಿ, ಇದನ್ನ ದನಾ ಸೈತ ಮುಟ್ಟೂದಿಲ್ಲ ಅಂದೆ. ಸುಶೀಲಾ ಗಾಬರ್ಯಾಗಿ ಎದ್ದು ನಿಂತ್ಲು. ನೀ ನಿನ್ನ ಮುಂದಿದ್ದ ತಾಟು ನನ್ನ ಕಡೆ ಸರಿಸಿ, ನಾ ತಳ್ಳಿದ್ದನ್ನ ಎಳಕೊಂಡಿ. ನಾ ಕೈ ಹಚ್ಚಿ ಕೆದರಿದ ಅದ ರೊಟ್ಟಿ, ಅದ ಬ್ಯಾಳಿ, ಸಾವಕಾಶ ಪೂರಾ ಉಂಡಿ. ನಾನೂ ಉಂಡೆ. ತಪ್ಪಾತು ಅಪ್ಪಾ ಅಂತ ಅನ್ನಬೇಕು ಅನಸ್ತು. ಅನಸಿದ್ದಷ್ಟ.

ಹೇಳಬೇಕಂತ ಒಮ್ಮೆ ಬಾಯಿ ತಗದಿದ್ದೆ, ಖರೆ. ಸುಶೀಲಾ ತವರಮನಿಗೆ ಹೋಗಿದ್ಲು, ಅವ್ವ ಬಸದ್ಯಾಗಿದ್ಲು. ನಾವಿಬ್ಬರ ಎದರಾ ಎದರ ಕುಂತಿದ್ವಿ. “ಅಪ್ಪಾ, ಜಮಖಂಡ್ಯಾಗ ನಾ…” ಅಂದೆ. ನೀ ಮುರದ ರೊಟ್ಟಿ ತಾಟಿನ್ಯಾಗ ಇಟ್ಟು ನನ್ನ ಮುಖಾ ನೋಡ್ದಿ. ಅಷ್ಟು ಆಸಿಲೆ ನೀ ನನ್ನ ನೋಡಿದ್ದು ಅದಕ್ಕಿಂತ ಮೊದಲ ನಾ ಕಂಡಿದ್ದಿಲ್ಲ. ನನಗ ಧೈರ್ಯಾ ಸಾಲಲಿಲ್ಲ. ಜಮಖಂಡ್ಯಾಗ ಮಳಿ ಛಲೋ ಆಗೇತಿ ಅಂತ ಮಾತು ಮುಗಸಿದೆ. ಹೌದೇನು, ಛಲೋ ಆತು ಬಿಡು ಅಂದಿ.

ಹೋದ ಬ್ಯಾಸಗಿಯೊಳಗ ನಿನಗ ವಾಂತಿ ಭೇದಿ ಹತ್ತಿತ್ತು. ಸುದ್ದಿ ಕೇಳಿ ನಾ ಓಡಿ ಬಂದೆ. ನೋಡಾಕ ಬಂದ ಡಾಕ್ಟರು, ಮೈಯಾಗಿನ ನೀರೆಲ್ಲಾ ಹೋಗೇತಿ, ಗಂಜಿಗೆ ಉಪ್ಪು ಹಾಕಿ ಗಳಿಗಿಗೊಮ್ಮೆ ಕುಡಸ್ರಿ ಅಂದ್ರು. ನಾನ ಬಟ್ಟಲಾ ಹಿಡಕೊಂಡು ನಿನ್ನ ತಲಿ ಎತ್ತಿ ಹಿಡದೆ. ನಾಲಿಗಿಗೆ ಹತ್ತಿದ ಕೂಡಲೆ ನೀ ತುಟಿ ಮುಚ್ಚಿಬಿಟ್ಟಿ. ಅವ್ವ ಅತ್ಲು, ಸುಶೀಲಾ ಕೈ ಮುಗದ್ಲು. ನೀ ಬ್ಯಾಡ ಅಂತ ಕೈ ಮಾಡ್ದಿ. ಸಪ್ಪನ ಗಂಜಿ ಕೊಟ್ರ ಕುಡೀತಿದ್ದಿ, ಅದೂ ಹೊಟ್ಯಾಗ ನಿಲ್ತಿದ್ದಿಲ್ಲ. ಎರಡು ದಿನಾ ಹಿಂಗ ನಡೀತು. ಮೂರನೇ ದಿನಾ ಮುಂಜಾನಿ ನನಗ ಸಿಟ್ಟು ತಡೀಲಿಲ್ಲ.

“ಸಾಯೂ ಹಟಾ ಹಿಡದೀ? ಹಂಗಿದ್ರ ನಾವೇನು ಮಾಡೂಣು?” ಅಂದೆ.

ನೀ ಮತ್ತ ನನ್ನ ಮುಖಾನ ನೋಡಾಕತ್ತಿದಿ, ನನ್ನ ತುಟಿ ನೋಡಾಕತ್ತಿದಿ. ನೀರು ಬೇಕೇನೋ ಅಂತ ನಾ ತಂಬಿಗಿ ಹಿಡದೆ. ನೀ ತಲಿ ಅಲ್ಲಾಡಿಸಿದಿ. ನಾ ಬಟ್ಟಲಾ ಕೆಳಗಿಟ್ಟು ಎದ್ದು ಹೋಗಿ ಅಂಗಡಿ ಕಟ್ಟಿ ಮ್ಯಾಲ ಕುಂತೆ. ಮಧ್ಯಾನಕ್ಕ ಅವ್ವನ ದನಿ ಕೇಳಿ ಒಳಗ ಬರೂದ್ರಾಗ ನೀ ಹೋಗಿದ್ದಿ.

ಸೂತಕ ಕಳದ ದಿನಾ ಬಸದಿಗೆ ಹೋಗಿದ್ದೆ. ಪೂಜಿ ಮುಗದ ಮ್ಯಾಲ ಪಂಡಿತರು ನನ್ನ ಒಂದು ಕಡೆ ಕರದು ಕುಂಡ್ರಿಸಿದ್ರು. ನಿಮ್ಮಪ್ಪ ಕಡೀಕರೆ ಉಪ್ಪು ತಿಂದನೇನು ಅಂತ ಕೇಳಿದ್ರು. ಇಲ್ಲರಿ, ಭಾಳ ಹಟಾ ಮಾಡಿದಾ ಅಂದೆ. ಆಗ ಅವರು ಎಲ್ಲಾ ಹೇಳಿದ್ರು. ಅವತ್ತ ಸಂಜಿ ನೀ ಖಾನಾವಳಿ ಬಾಗಲದಾಗ ನಿಂತು ನನ್ನ ನೋಡಿದ್ದಿಯಂತ. ಒಳಗ ಬಂದ್ರ ಗೆಳ್ಯಾರ ಮುಂದ ನನ್ನ ತಲಿ ತಗ್ಗತೈತಿ ಅಂತ ಗಂಟು ಕೊಟ್ಟು ತಿರಗಿದಿಯಂತ. ತೇರದಾಳದವ್ರ ಮುಂದ ನನ್ನ ಸಲುವಾಗಿ ಸುಳ್ಳು ಹೇಳಿದ ಮರುದಿನಾ ಬಸದಿಗೆ ಬಂದು ಉಪ್ಪು ಬಿಡೂ ನೇಮಾ ತಗೊಂಡಿಯಂತ.

“ಎಷ್ಟು ದಿನದ ನೇಮಾ ಅಂತ ನಾ ಕೇಳ್ದೆ,” ಅಂದ್ರು ಪಂಡಿತರು. “ಮಗಾ ತಾನಾಗಿ ಬಂದು ನನ್ನ ಮುಂದ ಹೇಳೂತನ ಅಂದಾ. ನೀನ ಒಮ್ಮೆ ಕೇಳಿಬಿಡು ಅಂದೆ. ನಾ ಕೇಳಿದ್ರ ಅಂವಾ ಸುಳ್ಳು ಹೇಳ್ಯಾನು, ಆ ಪಾಪಾ ಅವಗ್ಯಾಕ ಅಂದಾ.”

ಆರು ವರ್ಷ ಅಪ್ಪಾ. ಆರು ವರ್ಷದಾಗ ಎಷ್ಟು ಆಯಿತವಾರ, ಎಷ್ಟು ಊಟ! ಪ್ರತಿ ಸಲಾ ನೀ ನನಗಿಂತ ಮೊದಲ ಬಂದು ಕುಂತು, ಇವತ್ತ ಹೇಳ್ಯಾನು ಅಂತ ಹಾದಿ ನೋಡಿರಬೇಕು. ಒಂದ ಮಾತಿಗೆ ಮುಗೀತಿತ್ತು. ಉಪ್ಪಿನ ಗಂಜಿ ಕುಡದಿದ್ರ ನೀ ಉಳೀತಿದ್ದೋ ಇಲ್ಲೋ, ಡಾಕ್ಟರೂ ಹೇಳಾಕ ಆಗೂದಿಲ್ಲ ಅಂದ್ರು. ಆದ್ರ ಕುಡಿಯೂ ಹಾದಿ ಮುಚ್ಚಿ ಹಿಡದಾಂವ ನಾನ ಅಲ್ಲೇನು? ಹಟಾ ಯಾರದಾಗಿತ್ತು?

ಭಾಳ ದಿನಾ ಇದನ್ನ ಎದಿಯಾಗ ಇಟ್ಟುಕೊಂಡು ತಿರಗ್ಯಾಡಿದೆ. ಹೋದ ತಿಂಗಳು ರಜಾ ಹಾಕಿ ಬಂದು ಅವ್ವನ ಮುಂದ, ಸುಶೀಲಾನ ಮುಂದ ಹೇಳ್ದೆ. ಅವ್ವ ಕೇಳಿ ಎದ್ದು ಒಳಗ ಹ್ವಾದ್ಲು. ಮೂರು ದಿನಾ ನನ್ನ ಜೋಡಿ ಮಾತಾಡಲಿಲ್ಲ, ತಾಟು ಮಾತ್ರ ಹೊತ್ತಿಗೆ ಸರಿಯಾಗಿ ಇಡ್ತಿದ್ಲು. ನಾಕನೇ ದಿನಾ ಬಾಜೂಕ ಬಂದು ಕುಂತು, ನಿಮ್ಮಪ್ಪನ ಕೈಯಾಗ ಶೇಂಗಾದ ಹೋಳಿಗಿ ಕೊಟ್ಟು ಕಳಿಸಿದಾಕಿ ನಾನ ಅಲ್ಲೇನೋ ಅಂತ ಅತ್ಲು. ಅಕಿಗೂ ಅಕಿದೊಂದು ತಪ್ಪು ಬೇಕಾಗಿತ್ತು ನೋಡು. ಸುಶೀಲಾ ಒಂದ ಮಾತು ಹೇಳಿದ್ಲು, ತೇರದಾಳಕ್ಕ ಹೋಗಿ ನಮ್ಮಪ್ಪನ ಮುಂದೂ ಹೇಳಿ ಬರ್ರಿ ಅಂತ.

ಮೊನ್ನೆ ಹೋಗಿದ್ದೆ. ಮಗಳನ್ನ ಮನಿಗೆ ಕರಕೋತಾರೇನೋ, ನನ್ನ ಬಾಗಲದಿಂದ ಹೊರಗ ಹಾಕ್ತಾರೇನೋ ಅಂತ ಹಾದಿ ತುಂಬ ಅಂಜಿಕಿ. ಮಾವನವರು ಹತ್ತಿ ಬಿಡಸ್ಕೋತ ಕುಂತಿದ್ರು. ನಾ ನಿಂತಕೊಂಡ ಎಲ್ಲಾ ಹೇಳ್ದೆ, ಏನೂ ಬಿಡಲಿಲ್ಲ. ಅವರು ಕೈಯಾಗಿನ ಹತ್ತಿ ಬುಟ್ಟ್ಯಾಗ ಹಾಕಿ ನನಗ ಕುಂದ್ರು ಅಂದ್ರು.

“ನಿಮ್ಮಪ್ಪ ಹೇಳಿದ್ದು ಸುಳ್ಳು ಅಂತ ನನಗ ಅವತ್ತ ತಿಳದಿತ್ತು. ಆ ಮಾತು ಹೇಳಿದ ಮ್ಯಾಲ ಅವರಿಗೆ ಒಂದು ತುತ್ತೂ ಇಳೀಲಿಲ್ಲ, ತಾಟು ಬಿಟ್ಟು ತಲಿ ಎತ್ತಲಿಲ್ಲ. ಹುಡುಗ ಹ್ಯಾಂಗ ಅಂತ ನಮ್ಮ ಮನ್ಯಾಗ ಕೇಳಿದ್ರು. ಹುಡುಗನ್ನ ನಾ ನೋಡಲಿಲ್ಲ, ಒಂದು ಸುಳ್ಳಿಗೆ ಅಷ್ಟು ಸಂಕಟಾ ಪಡೂ ಮನಶ್ಯಾನ್ನ ನೋಡಿ ಬಂದೇನಿ, ಆ ಮನಿಗೆ ಮಗಳನ್ನ ಕೊಡೂಣು ಅಂದೆ.”

ಅಪ್ಪಾ, ಅವರಿಗೆ ಗೊತ್ತಿತ್ತು. ನೀ ಯಾರಿಗೂ ಮೋಸಾ ಮಾಡಿದ್ದಿಲ್ಲ. ಇದು ನಿನ್ನ ಕಿವಿಗೆ ಬೀಳಲಿಲ್ಲಲ್ಲ.

ನಿನ್ನ ಮಗಾ