ನಾಲ್ಕನೇ ಗುರುತನ್ನು ಕೊಳವೆಯ ಬಾಯಿಗೆ ಮರಳಿಸಿ

ಕಡಲ ನೀರಿನ ಗುಣಮಟ್ಟ ಇಲಾಖೆಯ ಮುಖ್ಯಾಧಿಕಾರಿಗಳಿಗೆ

ಮಾನ್ಯರೇ,

ಹೋದ ವರ್ಷ ಒಂದು ಮಧ್ಯಾಹ್ನ, ಊಟ ಮುಗಿಸಿ ಬಂದು ಕೂತ ತಾವು, ನಮ್ಮೂರ ಸಮುದ್ರವನ್ನು ಒಂದೇ ಸಹಿಯಲ್ಲಿ ಶುದ್ಧ ಮಾಡಿಬಿಟ್ಟಿರಿ. ಅದಕ್ಕಾಗಿ ಒಂದು ಚೊಂಬು ಕೊಳಚೆಯನ್ನೂ ತಡೆಯಲಿಲ್ಲ, ಒಂದು ಯಂತ್ರವನ್ನೂ ಕೂರಿಸಲಿಲ್ಲ. ಊರ ಚರಂಡಿಯೆಲ್ಲ ಸೇರಿ ಸಮುದ್ರಕ್ಕೆ ಬೀಳುವ ದೊಡ್ಡ ಕೊಳವೆಯ ಬಾಯಲ್ಲಿ, ನೀರಿನ ಮಾದರಿ ತೆಗೆಯುವ ನಾಲ್ಕನೇ ಗುರುತು ಇತ್ತು. ಅದನ್ನು ನಕ್ಷೆಯ ಮೇಲೆ ಅಳಿಸಿ, ಒಂದೂವರೆ ಕಿಲೋಮೀಟರ್ ಆಚೆ, ಆಳವಾದ ನೀಲಿ ನೀರಿನಲ್ಲಿ ಮತ್ತೆ ಬರೆದಿರಿ, ಅಷ್ಟೇ. ಅಂದಿನಿಂದ ನಮ್ಮ ಪ್ರತಿ ವರದಿಯಲ್ಲೂ 'ತೃಪ್ತಿಕರ' ಎಂದೇ ಇದೆ. ಆ ತೃಪ್ತಿ ಯಾರದು ಎಂದು ಕೇಳುವುದಕ್ಕಾಗಿ ಈ ಪತ್ರ.

ನಾನು ಯಾರೆಂದು ತಮಗೆ ನೆನಪಿರಲಾರದು. ಪ್ರತಿ ಮಂಗಳವಾರ ಬೆಳಿಗ್ಗೆ ಇಲಾಖೆಯ ದೋಣಿಯಲ್ಲಿ ಹೋಗಿ, ಏಳು ಗುರುತುಗಳಲ್ಲಿ ಏಳು ಬಾಟಲಿ ತುಂಬಿ, ಚೀಟಿ ಅಂಟಿಸಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ತಲುಪಿಸುವವನು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಗುರುತು ಸರಿಸಿದ ಆದೇಶ ಬಂದ ದಿನ ತಮ್ಮ ಕೋಣೆಗೂ ಬಂದಿದ್ದೆ. ತಾವು ಕಡತದಿಂದ ತಲೆ ಎತ್ತದೆ ಹೇಳಿದಿರಿ: "ಸಿಬ್ಬಂದಿ ಸುರಕ್ಷತೆ ಕಣ್ರೀ. ಕೊಳವೆ ಹತ್ರ ಬಂಡೆ ಜಾಸ್ತಿ. ದೋಣಿ ತಾಗಿದ್ರೆ ಯಾರು ಜವಾಬ್ದಾರಿ?"

"ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲಾನೂ ತಾಗಿಲ್ಲ ಸಾರ್," ಅಂದೆ.

"ಅದಕ್ಕೇ ಹೇಳ್ತಿರೋದು. ತಾಗೋಕೆ ಮುಂಚೆ ಎಚ್ಚರ ಇರ್ಬೇಕು."

ನನ್ನ ಪ್ರಾಣದ ಬಗ್ಗೆ ಇಲಾಖೆ ಇಷ್ಟು ಕಾಳಜಿ ತೋರಿದ್ದು ಅದೇ ಮೊದಲು. ಕೈಮುಗಿದು ಹೊರಗೆ ಬಂದೆ. ಸುಳ್ಳು ಹೇಳುವುದಿಲ್ಲ, ನನಗೆ ಆಗಲೇ ಅರ್ಥವಾಗಿತ್ತು. ಮೂರು ತಿಂಗಳಿಂದ ನಾಲ್ಕನೇ ಬಾಟಲಿಯ ಫಲಿತಾಂಶ ಮಿತಿ ಮೀರಿ ಬರುತ್ತಿತ್ತು. ಮೇಲಿನವರು ತಮ್ಮನ್ನು ವಿವರಣೆ ಕೇಳಿದ್ದು ಕಚೇರಿಯ ಚಹಾ ಕೊಡುವವರಿಗೂ ಗೊತ್ತಿತ್ತು. ಆದರೂ ಸುಮ್ಮನಿದ್ದೆ. ಇನ್ನು ನಾಲ್ಕು ವರ್ಷಕ್ಕೆ ನಿವೃತ್ತಿ, ಊರ ಉಸಾಬರಿ ನನಗೇಕೆ ಅಂದುಕೊಂಡೆ.

ಆ ಕೊಳವೆಯ ಪಕ್ಕದ ಬಂಡೆಗಳನ್ನು ತಾವು ನಕ್ಷೆಯಲ್ಲಿ ಮಾತ್ರ ನೋಡಿರಬಹುದು. ನೀರು ಇಳಿದಾಗ ಹತ್ತು ಹನ್ನೆರಡು ಹೆಂಗಸರು ಅಲ್ಲಿ ಸೊಂಟ ಬಗ್ಗಿಸಿ, ತಿನ್ನಲೂ ಮಾರಲೂ ಮೊಂಡು ಕತ್ತಿಯಿಂದ ಚಿಪ್ಪುಮೀನು ಕೆರೆಯುತ್ತಾರೆ. ಅವರಲ್ಲಿ ನನ್ನ ಅಕ್ಕನೂ ಒಬ್ಬಳು. ಅವಳ ಜೊತೆಗಾತಿ ಸೀಟಿ. ದೊಡ್ಡ ಅಲೆ ಬರುವುದನ್ನು ಎಲ್ಲರಿಗಿಂತ ಮೊದಲು ಕಂಡು, ಬಾಯಿಗೆ ಎರಡು ಬೆರಳಿಟ್ಟು ಸೀಟಿ ಹೊಡೆಯುತ್ತಿದ್ದಳು. ಕೇಳಿದ ಕೂಡಲೇ ಎಲ್ಲರೂ ಮೇಲಿನ ಬಂಡೆಗೆ ಓಡಬೇಕು. ಅವಳ ನಿಜವಾದ ಹೆಸರು ಅವಳ ಮಗಳಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ.

ಪ್ರತಿ ವಾರ ಅಕ್ಕ ಕೇಳುತ್ತಿದ್ದಳು, "ನೀರು ಹೇಗಿದೆಯೋ?" ಮಿತಿ ಮೀರಿದ ವಾರ "ಬೇಡ ಅಕ್ಕ" ಅನ್ನುತ್ತಿದ್ದೆ. ಆ ವಾರ ಯಾರೂ ಬಂಡೆಗೆ ಇಳಿಯುತ್ತಿರಲಿಲ್ಲ. ಇಲಾಖೆಯ ವರದಿಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರು ಈ ಊರಲ್ಲಿ ಬಹುಶಃ ಆ ಹೆಂಗಸರು ಮಾತ್ರ. ಗುರುತು ಸರಿದ ಮೇಲೂ ಅವಳು ಕೇಳಿದಳು. ವರದಿಯಲ್ಲಿ ಏನಿತ್ತೋ ಅದನ್ನೇ ಹೇಳಿದೆ: "ಚೆನ್ನಾಗಿದೆ ಅಕ್ಕ." ಹೀಗೆ ಎಂಟು ತಿಂಗಳು ಹೇಳಿದೆ.

ಚಿಪ್ಪುಗಳಿಗೆ ತಮ್ಮ ಸುತ್ತೋಲೆ ತಲುಪಿರಲಿಲ್ಲ. ಅವು ಎಂದಿನಂತೆ ಬಂಡೆಗೆ ಅಂಟಿಕೊಂಡು, ಎದುರಿಗೆ ಬಂದ ನೀರನ್ನೆಲ್ಲ ಹೀರಿ ಸೋಸುತ್ತಿದ್ದವು. ನೀರಿನಲ್ಲಿ ಇದ್ದುದೆಲ್ಲ ಅವುಗಳ ಹೊಟ್ಟೆ ಸೇರುತ್ತಿತ್ತು, ಅಲ್ಲಿಂದ ನಮ್ಮ ತಟ್ಟೆಗೆ ಬರುತ್ತಿತ್ತು.

ಮೊದಲು ಸೀಟಿ ಮಲಗಿದಳು. ಜ್ವರ, ವಾಂತಿ, ಆಮೇಲೆ ಕಣ್ಣು ಹಳದಿ. ವಾರದೊಳಗೆ ಅಕ್ಕನಿಗೂ ಕಾಮಾಲೆ. ಆಸ್ಪತ್ರೆಯಲ್ಲಿ ಇಬ್ಬರಿಗೂ ಅಕ್ಕಪಕ್ಕದ ಮಂಚ. ವೈದ್ಯೆ ಚಿಕ್ಕ ವಯಸ್ಸಿನವರು, ಬುದ್ಧಿವಂತರು. ಏನು ತಿಂದಿರಿ ಎಂದೇ ಮೊದಲು ಕೇಳಿದರು. ಚಿಪ್ಪು ಎಂದ ಕೂಡಲೇ ಅವರ ಮುಖ ಬದಲಾಯಿತು.

"ಎಲ್ಲಿಂದ ತಂದಿದ್ದು? ಕೊಳವೆ ಹತ್ರದ್ದಾ?"

ನಾನು ಮಂಚದ ಕಾಲ ಬಳಿ ನಿಂತಿದ್ದೆ. ಅಕ್ಕ ದಿಂಬಿನಿಂದ ಕಷ್ಟಪಟ್ಟು ತಲೆ ಎತ್ತಿ, ನನ್ನ ಕಡೆ ಕೈ ತೋರಿಸಿ ಹೇಳಿದಳು, "ಆ ನೀರಲ್ಲಿ ದೋಷ ಇಲ್ಲ ಡಾಕ್ಟ್ರೇ. ನನ್ನ ತಮ್ಮನೇ ಪ್ರತಿ ವಾರ ಪರೀಕ್ಷೆಗೆ ತಗೊಂಡು ಹೋಗ್ತಾನೆ."

ವೈದ್ಯೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ನಮ್ಮ ಇಲಾಖೆಗೆ ಫೋನ್ ಮಾಡಿ ವಿಚಾರಿಸಿದರು; ನಾಲ್ಕನೇ ಗುರುತು ತೃಪ್ತಿಕರ ಎಂಬ ಉತ್ತರ ಹೋಯಿತು. ಹಾಗಾಗಿ ಸಂಶಯ ಬೀದಿಯ ಬಾವಿಗಳ ಮೇಲೆ ಬಿತ್ತು. ಎರಡು ಬಾವಿಗೆ ಔಷಧಿ ಸುರಿದರು. ಹೆಂಗಸರು ಬಾವಿಗೆ ಹೋಗುವುದನ್ನು ಬಿಟ್ಟು ಬಂಡೆಗೆ ಹೋಗುವುದನ್ನು ಮುಂದುವರಿಸಿದರು. ಇನ್ನೂ ಐದು ಮನೆಗಳಲ್ಲಿ ಕಣ್ಣು ಹಳದಿಯಾದವು. ಹದಿನೇಳನೇ ದಿನ ಸೀಟಿ ತೀರಿಕೊಂಡಳು. ಪಕ್ಕದ ಮಂಚದಲ್ಲಿದ್ದ ಅಕ್ಕ ಗೋಡೆ ಕಡೆ ತಿರುಗಿ ಮಲಗಿದವಳು ಸಂಜೆವರೆಗೂ ಈಚೆ ತಿರುಗಲಿಲ್ಲ.

ಆಮೇಲೆ ನಾನು ಮಾಡಿದ್ದು ತಮ್ಮ ಕಡತದಲ್ಲಿದೆ. ರಜೆ ಹಾಕಿ, ಬಾಡಿಗೆ ದೋಣಿಯಲ್ಲಿ ಹೋಗಿ, ಕೊಳವೆಯ ಬಾಯಿಂದ ಒಂದು ಬಾಟಲಿ ತುಂಬಿದೆ. ಪ್ರಯೋಗಾಲಯದ ಹಿರಿಯ ಮೇಡಂ ಏನೂ ಕೇಳದೆ ಪರೀಕ್ಷಿಸಿದರು. ಫಲಿತಾಂಶದ ಕಾಗದವನ್ನು ಮಡಚಿ ಕೈಗಿಟ್ಟು, "ಮಿತಿಗಿಂತ ನಲವತ್ತು ಪಟ್ಟು. ಕೂತ್ಕೊಳ್ಳಿ, ಸ್ವಲ್ಪ ನೀರು ಕುಡೀರಿ," ಅಂದರು. ಆ ಕಾಗದವನ್ನು ತಮಗೆ ತಲುಪಿಸಿದೆ. ನಾಲ್ಕನೇ ದಿನ ಉತ್ತರ ಬಂತು, ನನಗೇ ಕಾರಣ ಕೇಳಿ ನೋಟೀಸು: 'ಅನಧಿಕೃತ ಸ್ಥಳದಿಂದ ಅನಧಿಕೃತವಾಗಿ ಮಾದರಿ ಸಂಗ್ರಹಿಸಿರುವುದು'. ಮಾನ್ಯರೇ, ಸೀಟಿ ಸತ್ತದ್ದು ಅಧಿಕೃತ ನೀರಿನಿಂದಲೋ ಅನಧಿಕೃತ ನೀರಿನಿಂದಲೋ? ಅದನ್ನಾದರೂ ಒಂದು ಸಾಲಿನಲ್ಲಿ ತಿಳಿಸಿದ್ದರೆ ಉಪಕಾರವಾಗುತ್ತಿತ್ತು.

ಸಮುದ್ರ ದೊಡ್ಡದು, ಏನು ಹಾಕಿದರೂ ನುಂಗಿಕೊಳ್ಳುತ್ತದೆ ಎಂದು ತಾವು ಸಭೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ದೋಣಿಯಿಂದ ನೋಡಿದರೆ ಹಾಗೆ ಕಾಣುವುದಿಲ್ಲ. ಕೊಳವೆಯ ಎದುರಿನ ನೀರು ಬೂದುಬಣ್ಣ, ಮೇಲೆ ನೊರೆ. ಮೊದಲು ಅಲ್ಲಿ ತಳದ ಮರಳು ಕಾಣಿಸುತ್ತಿತ್ತು. ಈಗ ಬಾಟಲಿ ಹಿಡಿದು ಮೊಣಕೈವರೆಗೆ ಮುಳುಗಿಸಿದ ಕೈಯೇ ಕಾಣುವುದಿಲ್ಲ. ಊರು ಬೆಳೆಯಿತು, ಕೊಳವೆಗೆ ಹರಿಯುವುದು ಮೂರು ಪಟ್ಟಾಯಿತು, ಶುದ್ಧೀಕರಣ ಘಟಕದ ಅಡಿಗಲ್ಲು ಎರಡು ಸಲ ಹಾಕಿಯಾಯಿತು. ಆ ಕಲ್ಲುಗಳ ಮೇಲೆ ಕೂತು ನಾನು ಎಷ್ಟೋ ಸಲ ಬುತ್ತಿ ತಿಂದಿದ್ದೇನೆ. ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿ ಈಗ ನನ್ನಲ್ಲಿಲ್ಲ. ಸುಸ್ತಾಗಿದೆ.

ಅಕ್ಕ ಮನೆಗೆ ಬಂದ ಮೇಲೆ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಬೈದಿದ್ದರೆ ಹಗುರಾಗುತ್ತಿದ್ದೆನೋ ಏನೋ. ಅವಳು ಬೈಯಲಿಲ್ಲ. "ನನಗೆ ಹೇಳಿದ್ದಾಯ್ತು. ಸೀಟಿ ಮಗಳಿಗೂ ನೀನೇ ಹೋಗಿ ಹೇಳು," ಅಂದಳು. ಆ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಸೀಟಿಯ ಮಗಳು ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಾಗಿಲಲ್ಲಿ ನಿಂತೇ ಹೇಳಿದೆ. ಅವಳು ಯಂತ್ರ ನಿಲ್ಲಿಸಿದಳು, ಸೂಜಿಯ ಕೆಳಗಿನ ಬಟ್ಟೆಯನ್ನು ಮಾತ್ರ ಹಾಗೇ ಹಿಡಿದುಕೊಂಡಿದ್ದಳು. ನಾನು ಕ್ಷಮಿಸು ಎನ್ನುವಷ್ಟರಲ್ಲಿ ಅವಳೇ ಕೇಳಿದಳು, "ಇದನ್ನ ಬರೆದು ಕೊಡ್ತೀರಾ ಮಾಮಾ? ಸಹಿ ಹಾಕಿ?"

ಬರೆದಿದ್ದೇನೆ.

ನಾನು ಕೇಳುವುದು ಹೆಚ್ಚೇನಲ್ಲ. ನಾಲ್ಕನೇ ಗುರುತನ್ನು ಕೊಳವೆಯ ಬಾಯಿಗೆ ಮರಳಿಸಿ. ಈ ವಾರವೇ ಆ ಬಂಡೆಗಳ ಮೇಲೆ, ಓದು ಬರದವರಿಗೂ ತಿಳಿಯುವಂಥ ಎಚ್ಚರಿಕೆಯ ಫಲಕ ನಿಲ್ಲಿಸಿ. ನೀರು ಸರಿಹೋಗುವವರೆಗೆ ಆ ಹೆಂಗಸರ ಹೊಟ್ಟೆಪಾಡಿಗೆ ಬೇರೆ ದಾರಿ ಮಾಡಿ. ಎಂಟು ತಿಂಗಳ 'ತೃಪ್ತಿಕರ' ವರದಿಗಳನ್ನೆಲ್ಲ ಸುಳ್ಳೆಂದು ಬಹಿರಂಗವಾಗಿ ಹಿಂತೆಗೆದುಕೊಳ್ಳಿ. ಶುದ್ಧೀಕರಣ ಘಟಕಕ್ಕೆ ಮೂರನೇ ಅಡಿಗಲ್ಲು ಬೇಡ. ಎರಡನೆಯದರ ಮೇಲೆ ಗೋಡೆ ಎಬ್ಬಿಸಿ. ನನ್ನ ಮೇಲೆ ಕ್ರಮ ಕೈಗೊಳ್ಳಬೇಕೆಂದಿದ್ದರೆ ಕೈಗೊಳ್ಳಿ, ಅಡ್ಡಿಯಿಲ್ಲ. ಕಾರಣದ ಜಾಗದಲ್ಲಿ ಮಾತ್ರ ನಿಜ ಬರೆಯಿರಿ: ಅನುಮತಿಯಿಲ್ಲದೆ ಒಂದು ಬಾಟಲಿ ತುಂಬಿದ್ದಕ್ಕಲ್ಲ, ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದಕ್ಕೆ ಎಂದು.

ಈ ಪತ್ರದ ಮೊದಲ ಪ್ರತಿ, ಸಹಿಯೊಂದಿಗೆ, ಹೊಲಿಗೆ ಅಂಗಡಿಗೆ ತಲುಪಿದೆ. ತಮ್ಮ ಕೈಯಲ್ಲಿರುವುದು ಎರಡನೆಯದು.

ಇಂತಿ,
ತಮ್ಮ ಆದೇಶವನ್ನು ಅಕ್ಷರಶಃ ಪಾಲಿಸಿ ಕೆಟ್ಟ,
ನೀರಿನ ಮಾದರಿ ಸಂಗ್ರಾಹಕ, ಎರಡನೇ ದರ್ಜೆ
(ಸದ್ಯಕ್ಕೆ)